ಹಾರಿಹೋದ ಮೇಲೆ ಹಿಡಿಯುವುದು ಯಾರನ್ನು?

(ಸಾಮೂಹಿಕ ಬಲೂನು ಬಿಡುಗಡೆ ನಿಷೇಧದ ಜಾರಿ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಲೂನುಗಳನ್ನು ಆಕಾಶಕ್ಕೆ ಹಾರಿಬಿಡಬಾರದು ಎಂಬ ಕಾನೂನು ಈಗ ಹೊಸದೇನಲ್ಲ. ಅಮೆರಿಕದಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್, ಹವಾಯಿ, ಫ್ಲೋರಿಡಾ ಸೇರಿ ಹಲವು ರಾಜ್ಯಗಳಲ್ಲಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿದೆ. ಕಾನೂನಿದ್ದರೂ ಶಾಲೆಯ ಮೈದಾನದಿಂದ, ಸ್ಮಶಾನದ ಅಂಗಳದಿಂದ, ಅಂಗಡಿ ಉದ್ಘಾಟನೆಯಿಂದ ಬಲೂನುಗಳು ಮೇಲೇರುತ್ತಲೇ ಇವೆ. ಅಧಿಕಾರಿಗಳು ಸೋಮಾರಿಗಳು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಬೇರೆ. ಈ ಅಪರಾಧ ಮುಗಿಯುವುದಕ್ಕೆ ಹತ್ತು ಸೆಕೆಂಡು ಸಾಕು, ಮುದ್ದೆಮಾಲು ತಾನಾಗಿಯೇ ಸ್ಥಳ ಬಿಟ್ಟು ಹೊರಟುಹೋಗುತ್ತದೆ. ರಸ್ತೆಬದಿ ಕಸ ಸುರಿದರೆ ಕಸ ಅಲ್ಲೇ ಬಿದ್ದಿರುತ್ತದೆ, ನಾಳೆ ಹೋದರೂ ಫೋಟೋ ತೆಗೆಯಬಹುದು. ಇಲ್ಲಿ ಅಧಿಕಾರಿ ಗಾಡಿಯಿಂದ ಇಳಿಯುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ಕಾನೂನಿನ ಜಾರಿ ನಡೆಯಬೇಕಾದದ್ದು ಬಲೂನು ಕೈಬಿಡುವ ಮೊದಲು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಹಾನಿಯ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ, ಇಲ್ಲಿರುವವರಿಗೆ ಅದು ಗೊತ್ತಿರುವುದೇ. ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 51 ಜಾತಿಯ 1,733 ಕಡಲಹಕ್ಕಿಗಳನ್ನು ಪರೀಕ್ಷಿಸಿದ್ದರು. ಬಲೂನಿನ ಚೂರು ನುಂಗಿದ ಹಕ್ಕಿ ಸಾಯುವ ಸಾಧ್ಯತೆ, ಗಟ್ಟಿ ಪ್ಲಾಸ್ಟಿಕ್ ಚೂರು ನುಂಗಿದ್ದಕ್ಕಿಂತ 32 ಪಟ್ಟು ಹೆಚ್ಚು ಎಂದು ಕಂಡುಬಂತು. ಗಟ್ಟಿ ಚೂರು ಹೇಗೋ ಜಾರಿ ಹೊರಬೀಳಬಹುದು. ಮೆತ್ತಗಿನ ರಬ್ಬರು ಹಿಗ್ಗಿ ಕುಗ್ಗಿ ಜಠರದ ದಾರಿಗೇ ಬಿರಡೆ ಹಾಕುತ್ತದೆ. ಲೋಹದ ಲೇಪವಿರುವ ಫಾಯಿಲ್ ಬಲೂನಿನ ಅಪಾಯ ಬೇರೆ ಥರದ್ದು. ಅದು ವಿದ್ಯುತ್ ತಂತಿಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಇಡೀ ಬಡಾವಣೆಯ ಕರೆಂಟು ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿವರ್ಷ ಇಂತಹ ನೂರಾರು ಪ್ರಕರಣಗಳು ದಾಖಲಾಗುತ್ತವೆ.

ದೊಡ್ಡ ಬಿಡುಗಡೆ ಅಂದರೆ ಏನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮಧ್ಯದ ಚೌಕದಲ್ಲಿ, ಒಂದು ದಾನಸಂಸ್ಥೆಯ ನಿಧಿಸಂಗ್ರಹಕ್ಕಾಗಿ, ಭಾರೀ ಬಲೆಯೊಂದರ ಕೆಳಗೆ 14 ಲಕ್ಷಕ್ಕೂ ಹೆಚ್ಚು ಬಲೂನುಗಳನ್ನು ಕೂಡಿಹಾಕಿದ್ದರು. ಮಳೆ ಬರುವ ಸೂಚನೆ ಇತ್ತು, ಬಲೆಯನ್ನು ಬೇಗನೆ ಬಿಚ್ಚಿದರು. ತಣ್ಣನೆಯ ಗಾಳಿ ಮತ್ತು ಮಳೆಗೆ ಸಿಕ್ಕ ಬಲೂನುಗಳು ಇನ್ನೂ ಉಬ್ಬಿಕೊಂಡೇ ಇದ್ದಾಗ ಕೆಳಗಿಳಿದವು. ಊರಿನ ರಸ್ತೆಗಳ ಮೇಲೆ, ಸರೋವರದ ದಂಡೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ, ಈರಿ ಮಹಾಸರೋವರದ ನೀರಿನ ಮೇಲೆ ಹರಡಿದವು. ರನ್‌ವೇ ಮುಚ್ಚಬೇಕಾಯಿತು. ಅದೇ ಹೊತ್ತಿಗೆ ಸರೋವರದಲ್ಲಿ ಕಾಣೆಯಾಗಿದ್ದ ಇಬ್ಬರು ಮೀನುಗಾರರನ್ನು ಕರಾವಳಿ ರಕ್ಷಣಾ ಪಡೆ ಹುಡುಕುತ್ತಿತ್ತು. ನೀರಿನ ಮೇಲೆ ಲಕ್ಷಾಂತರ ದುಂಡನೆಯ ಬಣ್ಣದ ವಸ್ತುಗಳು ತೇಲುತ್ತಿರುವಾಗ ಅದರಲ್ಲಿ ಮನುಷ್ಯನ ತಲೆ ಯಾವುದು, ಜೀವರಕ್ಷಕ ಜಾಕೆಟ್ ಯಾವುದು? ಹುಡುಕಾಟಕ್ಕೆ ಅಡ್ಡಿಯಾಯಿತು. ಆ ಇಬ್ಬರೂ ಬದುಕಲಿಲ್ಲ.

ಈ ಘಟನೆಯನ್ನು ದುರಂತವಾಗಿ ನೆನೆಯುವವರು ಬಹಳ. ಜಾರಿಯ ಕೆಲಸದಲ್ಲಿರುವವರು ಅದರಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಇದು ಗುಟ್ಟಾಗಿ ನಡೆದ ಕೆಲಸವಲ್ಲ. ತಿಂಗಳುಗಟ್ಟಲೆ ತಯಾರಿ ಇತ್ತು, ಪ್ರಚಾರವಿತ್ತು, ಬಲೆಗೆಂದೇ ಕಟ್ಟಿದ ಚೌಕಟ್ಟಿತ್ತು, ತುಂಬಲು ಸಾವಿರಾರು ಸ್ವಯಂಸೇವಕರಿದ್ದರು. ಸಾಮೂಹಿಕ ಬಿಡುಗಡೆ ಎಂಬುದು ಯಾವತ್ತೂ ಹೀಗೇ. ಒಂದು ಮಗುವಿನ ಕೈಯಿಂದ ಒಂದು ಬಲೂನು ಜಾರುವುದು ಆಕಸ್ಮಿಕ. ಇನ್ನೂರು ಬಲೂನುಗಳು ಒಂದೇ ಕ್ಷಣಕ್ಕೆ ಏರುವುದಕ್ಕೆ ಯಾರೋ ಆರ್ಡರ್ ಕೊಟ್ಟಿರಬೇಕು, ಯಾರೋ ಸಿಲಿಂಡರ್ ತರಿಸಿರಬೇಕು, ಯಾರೋ ಜನರನ್ನು ಕರೆದಿರಬೇಕು. ಈ ಮೂರೂ ಕಡೆ ಹೆಜ್ಜೆಗುರುತು ಬಿದ್ದಿರುತ್ತದೆ.

ಅದಕ್ಕೆ ಮುಂಚೆ ಕಾನೂನಿನ ಪಠ್ಯ ನೋಡೋಣ. ಪಠ್ಯದಲ್ಲೇ ತೂತಿದ್ದರೆ ಎಷ್ಟು ಚುರುಕಾದ ಅಧಿಕಾರಿಯೂ ಏನೂ ಮಾಡಲಾರ.

ಮೊದಲ ತೂತು, ಸಂಖ್ಯೆಯ ಮಿತಿ. ಫ್ಲೋರಿಡಾದ ಹಳೆಯ ಕಾನೂನು 24 ಗಂಟೆಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಲೂನು ಬಿಡುವುದನ್ನು ಮಾತ್ರ ತಡೆಯುತ್ತಿತ್ತು. ವರ್ಜೀನಿಯಾದಲ್ಲಿ ಹಿಂದೆ ಒಂದು ತಾಸಿನೊಳಗೆ 50ಕ್ಕೆ ಅಪರಾಧ ಶುರುವಾಗುತ್ತಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 20 ಎಂಬ ಗೆರೆ ಹಾಕಿತ್ತು. ಕೇಳಲು ಉದಾರವಾಗಿದೆ. ಮೈದಾನದಲ್ಲಿ ಏನಾಗುತ್ತದೆ ಅಂದರೆ, ಹನ್ನೆರಡು ಕುಟುಂಬಗಳು ತಲಾ ಒಂಬತ್ತು ಬಲೂನು ಹಿಡಿದು ನಿಲ್ಲುತ್ತವೆ. ನೂರಾ ಎಂಟು ಬಲೂನು ಹಾರಿದರೂ ಪ್ರತಿಯೊಬ್ಬರೂ ಮಿತಿಯ ಒಳಗೇ. ಇದನ್ನು ಒಂದೇ ಕೃತ್ಯ ಎಂದು ಸಾಬೀತುಪಡಿಸುವ ಹೊರೆ ಸರ್ಕಾರದ ತಲೆಗೆ. ಜೊತೆಗೆ, ಗೆರೆ ದಾಟಿತ್ತು ಎಂದು ತೋರಿಸಲು ಆಗಲೇ ಹಾರಿಹೋದದ್ದನ್ನು ಎಣಿಸಬೇಕು. ವರ್ಜೀನಿಯಾ 2021ರ ಜುಲೈ 1ರಿಂದ, ಫ್ಲೋರಿಡಾ 2024ರ ಜುಲೈ 1ರಿಂದ ಮಿತಿಯನ್ನು ಕಿತ್ತುಹಾಕಿ ಒಂದು ಬಲೂನು ಬಿಟ್ಟರೂ ತಪ್ಪು ಎಂದವು. ಸರಿಯಾದ ದಾರಿ ಅದೇ.

ಎರಡನೆಯದು ಇನ್ನೂ ದೊಡ್ಡ ತೂತು: 'ಜೈವಿಕವಾಗಿ ಕೊಳೆಯುವ' ಬಲೂನಿಗೆ ವಿನಾಯಿತಿ. ಲೇಟೆಕ್ಸ್ ರಬ್ಬರು ಮರದ ಹಾಲಿನಿಂದ ಬರುವುದು ನಿಜ. ಮರದಿಂದ ಬಂದ ಹಾಲು ಹಾಗೆಯೇ ಬಲೂನಾಗುವುದಿಲ್ಲ. ಗಂಧಕ, ಸತುವಿನ ಆಕ್ಸೈಡ್, ಬೇಗ ಹಾಳಾಗದಂತೆ ತಡೆಯುವ ರಾಸಾಯನಿಕಗಳು, ಬಣ್ಣ ಎಲ್ಲ ಸೇರುತ್ತವೆ. ಹಾಳಾಗದಿರಲಿ ಅಂತಲೇ ಮದ್ದು ಹಾಕಿದ ವಸ್ತು ಬೇಗ ಕೊಳೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆಯುವುದು ವ್ಯಾಪಾರಿಗಳ ಧೈರ್ಯ. ಟಾಸ್ಮೇನಿಯಾದ ಸಂಶೋಧಕರು ಬಲೂನುಗಳನ್ನು ಸಿಹಿನೀರಿನಲ್ಲಿ, ಉಪ್ಪುನೀರಿನಲ್ಲಿ, ಕೈಗಾರಿಕಾ ಕಾಂಪೋಸ್ಟಿನಲ್ಲಿ 16 ವಾರ ಇಟ್ಟು ನೋಡಿದರು. ಆಕಾರ ಗಾತ್ರ ಬಹುಮಟ್ಟಿಗೆ ಹಾಗೇ ಉಳಿದಿತ್ತು. ಈ ವಿನಾಯಿತಿ ಇರುವ ಕಡೆ ಏನಾಗುತ್ತದೆ? ಆಯೋಜಕರು ಪೊಟ್ಟಣ ತೋರಿಸುತ್ತಾರೆ, ಸ್ಥಳದಲ್ಲಿ ನಿಂತ ಅಧಿಕಾರಿಯ ಹತ್ತಿರ ಪ್ರಯೋಗಾಲಯ ಇರುವುದಿಲ್ಲ, ಅಲ್ಲಿಗೆ ಮುಗಿಯಿತು. ಫ್ಲೋರಿಡಾ ಹೊಸ ಕಾನೂನಿನಲ್ಲಿ ಈ ವಿನಾಯಿತಿಯನ್ನು ತೆಗೆದುಹಾಕಿತು. ವರ್ಜೀನಿಯಾ ಬೇರೆ ಜಾಣತನ ಮಾಡಿದೆ: ಗಾಳಿ ಅಥವಾ ನೀರು ಸೋಕಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿಯುವ ವಸ್ತು ಯಾವುದಿದ್ದರೂ ಅದು ಕೊಳೆಯದ ಬಲೂನೇ ಎಂಬ ವ್ಯಾಖ್ಯೆ. ಮಾರುಕಟ್ಟೆಯ ಯಾವ ಬಲೂನೂ ಆ ಪರೀಕ್ಷೆ ದಾಟಲಾರದು. ಸ್ಥಳೀಯ ಉಪವಿಧಿ ಬರೆಯುವವರು 'ಕೊಳೆಯುವ' ಎಂಬ ಪದವನ್ನು ಬಿಡಲಾಗದ ರಾಜಕೀಯ ಒತ್ತಡದಲ್ಲಿದ್ದರೆ ಈ ಐದು ನಿಮಿಷದ ಮಾತನ್ನಾದರೂ ಸೇರಿಸಿಕೊಳ್ಳಿ.

ಮೂರನೆಯದು, ಹೊಣೆ ಯಾರದು ಎಂಬುದು. ದಾರ ಬಿಟ್ಟ ಕೈ ಬಹಳ ಸಲ ಮಗುವಿನದು. ಬಿಟ್ಟವರ ಜೊತೆಗೆ 'ಬಿಡಿಸಿದವರು' ಎಂಬ ಪದವೂ ಪಠ್ಯದಲ್ಲಿ ಇರಲೇಬೇಕು. ವರ್ಜೀನಿಯಾದಲ್ಲಿ 16 ವರ್ಷದೊಳಗಿನವರು ಬಿಟ್ಟರೆ, ಬಿಡಲು ಹೇಳಿದ ದೊಡ್ಡವರೇ ದಂಡ ಕಟ್ಟಬೇಕು. ಫ್ಲೋರಿಡಾದಲ್ಲಿ 6 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ವಿನಾಯಿತಿ. ಮಕ್ಕಳ ಕೈಗೆ ಬಲೂನು ಕೊಟ್ಟು ದೊಡ್ಡವರು ನುಣುಚಿಕೊಳ್ಳುವ ದಾರಿ ವರ್ಜೀನಿಯಾದಂತಹ ನಿಯಮದಿಂದ ಮುಚ್ಚುತ್ತದೆ.

ದಂಡದ ಲೆಕ್ಕಕ್ಕೆ ಬರೋಣ. ವರ್ಜೀನಿಯಾದಲ್ಲಿ ಬಲೂನೊಂದಕ್ಕೆ 25 ಡಾಲರ್. ನೂರು ಬಲೂನಿಗೆ 2,500 ಡಾಲರ್, ದೊಡ್ಡ ಆಯೋಜಕರಿಗೂ ಅದು ಚುರುಕು ಮುಟ್ಟಿಸುವ ಮೊತ್ತ. ಆದರೆ ನೂರು ಎಂದು ಸಾಬೀತು ಮಾಡಬೇಕು. ಫ್ಲೋರಿಡಾದಲ್ಲಿ ಕಸ ಹಾಕಿದ ಅಪರಾಧಕ್ಕಿರುವ 150 ಡಾಲರ್, ಹವಾಯಿಯಲ್ಲಿ 500 ಡಾಲರ್. ಇಂತಹ ಇಡಿಗಂಟು ದಂಡಕ್ಕೆ ಎಣಿಕೆಯ ರಗಳೆ ಇಲ್ಲ, ಚೀಟಿ ಹರಿದು ಕೊಟ್ಟರೆ ಆಯಿತು. ತೊಂದರೆ ಏನೆಂದರೆ, ಸಾವಿರ ಬಲೂನಿನ ಕಾರ್ಯಕ್ರಮಕ್ಕೆ 150 ಡಾಲರ್ ಎಂಬುದು ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು, ಅಷ್ಟೇ. ನನ್ನನ್ನು ಕೇಳಿದರೆ ಎರಡೂ ಇರಬೇಕು. ಮೊದಲ ಹತ್ತು ಬಲೂನಿನವರೆಗೆ ಇಡಿಗಂಟು ದಂಡ, ಅದರಾಚೆ ಬಲೂನಿನ ಲೆಕ್ಕ.

ಈಗ ತಡೆಯುವ ಕೆಲಸ. ಇದಕ್ಕೆ ಸ್ವಲ್ಪ ಅಂಕಗಣಿತ ಬೇಕು, ಬೇಸರಪಡಬೇಡಿ. ಬಿಡುಗಡೆಗೆ ಸಾಮಾನ್ಯವಾಗಿ ಬಳಸುವುದು 11 ಇಂಚಿನ ಲೇಟೆಕ್ಸ್ ಬಲೂನು. ಅದರೊಳಗೆ ಹಿಡಿಯುವುದು ಸುಮಾರು 14 ಲೀಟರ್ ಹೀಲಿಯಂ. ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಭಾರ ಎತ್ತುತ್ತದೆ. ಬಲೂನಿನದೇ ತೂಕ 3 ಗ್ರಾಂ ಕಳೆದರೆ ಉಳಿಯುವ ಎತ್ತುವ ಬಲ 11 ಗ್ರಾಂ. ರಬ್ಬರಿನ ಗೋಡೆಯ ಸಣ್ಣ ರಂಧ್ರಗಳಿಂದ ಅನಿಲ ಸೋರುತ್ತಲೇ ಇರುವುದರಿಂದ ಈ ಗಾತ್ರದ್ದು ತೇಲುವುದು 12ರಿಂದ 20 ಗಂಟೆ. ಕಾರ್ಯಕ್ರಮಕ್ಕೆ ಚೆನ್ನಾಗಿ ಏರಬೇಕೆಂದರೆ ಅದೇ ದಿನ, ಕೆಲವೇ ತಾಸು ಮುಂಚೆ ತುಂಬಬೇಕು. ತುಂಬಿ ಗಂಟು ಹಾಕಲು ಒಂದಕ್ಕೆ ಅರ್ಧ ನಿಮಿಷ ಎಂದುಕೊಂಡರೂ 500 ಬಲೂನಿಗೆ ಒಬ್ಬರಿಗೆ ನಾಲ್ಕು ತಾಸಿನ ಮೇಲಿನ ಕೆಲಸ, ನಾಲ್ವರಿಗೆ ಒಂದು ತಾಸಿನದು. ನಿಮಗೆ ಸಿಗುವ ಅವಕಾಶ ಅದೇ. ಕಾರ್ಯಕ್ರಮದ ಸಮಯಕ್ಕೆ ಹೋದರೆ ತಡವಾಯಿತು, ಎರಡು ಮೂರು ತಾಸು ಮೊದಲೇ ಅಲ್ಲಿರಬೇಕು.

ಸ್ಥಳಕ್ಕೆ ಹೋದಾಗ ಅಲಂಕಾರಕ್ಕೆ ತುಂಬುತ್ತಿದ್ದಾರೋ ಬಿಡುವುದಕ್ಕೆ ತುಂಬುತ್ತಿದ್ದಾರೋ ಹೇಗೆ ತಿಳಿಯುವುದು? ಅಲಂಕಾರದ ಬಲೂನಿಗೆ ರಿಬ್ಬನ್ ಇರುತ್ತದೆ, ರಿಬ್ಬನ್ನಿನ ತುದಿಯಲ್ಲಿ ತೂಕದ ಬಿಲ್ಲೆ ಇರುತ್ತದೆ, ಬಹಳ ಹೊತ್ತು ತೇಲಲಿ ಎಂದು ಒಳಗೆ ಅಂಟಿನಂತಹ ದ್ರವ ಸವರಿರುತ್ತಾರೆ. ಸಾಮೂಹಿಕವಾಗಿ ಬಿಡುವ ಬಲೂನಿಗೆ ಸಾಮಾನ್ಯವಾಗಿ ಇದಾವುದೂ ಇರುವುದಿಲ್ಲ. ಬರೀ ಗಂಟು, ಮೇಲೆ ಬಲೆ ಅಥವಾ ಉದ್ದನೆಯ ತೆಳು ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಎಳೆದರೆ ಬಿಚ್ಚಿಕೊಳ್ಳುವ ದಾರ. ಬಲೆಯನ್ನು ಬಯಲಲ್ಲಿ ನೋಡಿದರೆ ಅನುಮಾನ ಬೇಡ. ಸಭಾಂಗಣದ ಛಾವಣಿಯಲ್ಲಿ ಕಟ್ಟಿದ ಬಲೆ ಬೇರೆ. ಅದರಲ್ಲಿ ಬಾಯಿಗಾಳಿ ಅಥವಾ ಪಂಪಿನ ಗಾಳಿ ಇರುತ್ತದೆ, ಬಲೂನು ಕೆಳಗೆ ಬೀಳುತ್ತದೆ, ಅದು ಅಪರಾಧವಲ್ಲ. ಈ ವ್ಯತ್ಯಾಸ ತಿಳಿಯದೆ ಒಳಾಂಗಣ ಕಾರ್ಯಕ್ರಮಕ್ಕೆ ನುಗ್ಗಿದರೆ ಇಲಾಖೆಯ ಮರ್ಯಾದೆ ಹೋಗುತ್ತದೆ.

ಇನ್ನೂ ಮೊದಲೇ ತಡೆಯಬೇಕೆಂದರೆ ಮೂರು ಬಾಗಿಲು ತಟ್ಟಬೇಕು. ಸಾರ್ವಜನಿಕ ಮೈದಾನ, ಉದ್ಯಾನ, ಕಡಲತೀರದಲ್ಲಿ ಕಾರ್ಯಕ್ರಮಕ್ಕೆ ಅನುಮತಿ ಬೇಕಷ್ಟೆ? ಅನುಮತಿಯ ಅರ್ಜಿಯಲ್ಲೇ 'ಹೀಲಿಯಂ ಬಲೂನು ಬಳಸುತ್ತೀರಾ, ಎಷ್ಟು, ಕಾರ್ಯಕ್ರಮದ ನಂತರ ಏನು ಮಾಡುತ್ತೀರಿ' ಎಂಬ ಸಾಲು ಸೇರಿಸಿ, ಬಿಡುಗಡೆ ಮಾಡಿದರೆ ಠೇವಣಿ ಮುಟ್ಟುಗೋಲು ಎಂದು ಷರತ್ತು ಹಾಕಿ. ದಂಡ ವಸೂಲಿಗಿಂತ ಠೇವಣಿ ಹಿಡಿಯುವುದು ನೂರು ಪಾಲು ಸುಲಭ. ಎರಡನೆಯ ಬಾಗಿಲು ಸಿಲಿಂಡರ್ ಬಾಡಿಗೆ ಕೊಡುವವರದು. ಸುಮಾರು 7 ಘನ ಮೀಟರ್ ಅನಿಲವಿರುವ ದೊಡ್ಡ ಸಿಲಿಂಡರಿನಿಂದ, ಸೋರಿಕೆ ಕಳೆದು, 450 ಬಲೂನು ತುಂಬಬಹುದು. ಇಂತಹ ಎರಡು ಮೂರು ಸಿಲಿಂಡರ್ ಒಂದೇ ದಿನಕ್ಕೆ ಒಬ್ಬರೇ ಕೇಳಿದರೆ ಬಾಡಿಗೆಯವರೇ ಒಂದು ಪ್ರಶ್ನೆ ಹಾಕಲಿ, ರಸೀದಿಯ ಮೇಲೆ 'ಹೊರಗೆ ಬಿಡುವುದು ಕಾನೂನುಬಾಹಿರ' ಎಂದು ಅಚ್ಚಾಗಿರಲಿ, ಅದಕ್ಕೆ ಗ್ರಾಹಕರು ಸಹಿ ಹಾಕಲಿ. ಆ ಸಹಿ ಮುಂದೆ ನ್ಯಾಯಾಲಯದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಗೊತ್ತಿರಲಿಲ್ಲ ಎಂಬ ವಾದ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಆಹ್ವಾನ. 'ಬಲೂನು ತನ್ನಿ, ಸಂಜೆ ಆರಕ್ಕೆ ಒಟ್ಟಿಗೆ ಬಿಡೋಣ' ಎಂಬ ಪೋಸ್ಟು ಸಾಮಾಜಿಕ ಜಾಲತಾಣದಲ್ಲಿ ಮೂರು ನಾಲ್ಕು ದಿನ ಮುಂಚೆಯೇ ಬಂದಿರುತ್ತದೆ. ವಾರಕ್ಕೆರಡು ಸಲ ಹುಡುಕಿ ನೋಡುವ ಒಬ್ಬ ಸಿಬ್ಬಂದಿ ಇದ್ದರೆ ಸಾಕು.

ಪೋಸ್ಟು ಕಂಡ ಕೂಡಲೇ ನೋಟಿಸು ಕಳಿಸಬೇಡಿ. ಫೋನು ಮಾಡಿ. ಬಹುಪಾಲು ಜನರಿಗೆ ಕಾನೂನು ಇರುವುದೇ ಗೊತ್ತಿರುವುದಿಲ್ಲ. ಆಯೋಜಕರಿಗೆ ಹಿಂದೆ ಸರಿಯಲು ಮರ್ಯಾದೆಯ ದಾರಿಯೊಂದನ್ನೂ ಕೊಡಬೇಕು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಗಳಲ್ಲಿ ಮೊದಲ ಅಂಕಕ್ಕೆ ಸಾವಿರಾರು ಕೆಂಪು ಬಲೂನು ಬಿಡುವ ಹಳೆಯ ಸಂಪ್ರದಾಯ ಪರಿಸರದ ವಾದಕ್ಕೆ, ಮೊಕದ್ದಮೆಗೆ ಬಗ್ಗಲಿಲ್ಲ. 2022ರಲ್ಲಿ ಹೀಲಿಯಂ ಕೊರತೆಯ ಕಾರಣ ಕೊಟ್ಟು ನಿಲ್ಲಿಸಿದರು. ಜಿಬ್ರಾಲ್ಟರ್ ತನ್ನ ರಾಷ್ಟ್ರೀಯ ದಿನಕ್ಕೆ 30,000 ಬಲೂನು ಬಿಡುತ್ತಿದ್ದದ್ದನ್ನು 2016ರಲ್ಲಿ ಕೈಬಿಟ್ಟಿತು. ಕಾರಣ ಯಾವುದಾದರೇನು, ಬಲೂನು ಕೆಳಗೇ ಉಳಿದರೆ ಸರಿ.

ಅತ್ಯಂತ ಕಷ್ಟದ ಪ್ರಕರಣ ಶ್ರದ್ಧಾಂಜಲಿಯದು. ಮಗುವನ್ನು ಕಳೆದುಕೊಂಡ ತಂದೆತಾಯಿ ಅದರ ಹುಟ್ಟುಹಬ್ಬದಂದು ಬಲೂನು ಬಿಡಲು ನಿಂತಿದ್ದಾರೆ. ಸಮವಸ್ತ್ರದಲ್ಲಿ ಹೋಗಿ ಚೀಟಿ ಹರಿಯುವ ಧೈರ್ಯ ಯಾವ ಅಧಿಕಾರಿಗಿದೆ? ಹರಿದರೆ ಮರುದಿನ ಅದೇ ಸುದ್ದಿ, ಕಾನೂನಿನ ಮೇಲೆಯೇ ಜನರ ಸಿಟ್ಟು. ಹರಿಯದಿದ್ದರೆ ನಾಳೆ ದಂಡ ಕಟ್ಟಿದ ಅಂಗಡಿಯವನು 'ಅವರನ್ನು ಬಿಟ್ಟಿರಲ್ಲ' ಎಂದು ಕೇಳುತ್ತಾನೆ. ಇದಕ್ಕೆ ಬರೆದಿಟ್ಟ ನೀತಿಯೇ ಬೇಕು, ಆಯಾ ಅಧಿಕಾರಿಯ ಮನಸ್ಸಿಗೆ ಬಿಡುವ ವಿಷಯವಲ್ಲ: ಮೊದಲ ಸಲದ ಖಾಸಗಿ ಶ್ರದ್ಧಾಂಜಲಿಗೆ ಲಿಖಿತ ಎಚ್ಚರಿಕೆ, ವ್ಯಾಪಾರ ಮತ್ತು ಪ್ರಚಾರದ ಬಿಡುಗಡೆಗೆ ಮೊದಲ ಸಲವೇ ದಂಡ. ಸ್ಮಶಾನದ ಕಚೇರಿ, ಅಂತ್ಯಕ್ರಿಯೆ ನಡೆಸಿಕೊಡುವವರು, ಆಸ್ಪತ್ರೆಯ ಆಪ್ತಸಮಾಲೋಚಕರ ಕೈಗೆ ಒಂದು ಪುಟದ ಮಾಹಿತಿ ಕೊಟ್ಟರೆ ಇಂತಹ ಬಹಳಷ್ಟು ಪ್ರಕರಣಗಳು ಹುಟ್ಟುವುದೇ ಇಲ್ಲ. ಬದಲಿಗೆ ಸೋಪಿನ ಗುಳ್ಳೆ, ಸಸಿ ನೆಡುವುದು, ಗಾಳಿಪಟ, ದೀಪ ಏನಾದರೂ ಇರಲಿ. ಆದರೆ ಬಲೂನಿನ ಬದಲಿಗೆ ಆಕಾಶದೀಪ ಬಿಡುತ್ತೇವೆ ಎಂದರೆ ತಕ್ಷಣ ಬೇಡವೆನ್ನಿ, ಅದು ಉರಿಯುವ ಕಸ.

ಇಷ್ಟಾದರೂ ಕೆಲವು ಹಾರಿಯೇ ಹಾರುತ್ತವೆ. ಆಗ ಸಾಕ್ಷ್ಯ. ಕೆಳಗೆ ಉಳಿದದ್ದನ್ನು ಮೊದಲು ನೋಡಿ: ತುಂಬುವಾಗ ಒಡೆದ ಬಲೂನುಗಳು, ನೂರರ ಖಾಲಿ ಪೊಟ್ಟಣಗಳು, ಬಲೆ, ಸಿಲಿಂಡರಿನ ಮೇಲಿನ ಬಾಡಿಗೆ ಚೀಟಿ. ನಾಲ್ಕೈದು ಮಾದರಿ ಚೀಲಕ್ಕೆ ಹಾಕಿ ಮೊಹರು ಮಾಡಿ, ಸ್ಥಳ, ಸಮಯ, ಗಾಳಿಯ ದಿಕ್ಕು ಬರೆದು ಮಹಜರು ಮಾಡಿ. ವೀಡಿಯೊ ಸಿಕ್ಕರೆ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಜಾಲತಾಣದಿಂದ ಮತ್ತೆ ಮತ್ತೆ ಹಂಚಿದ ಪ್ರತಿಯಲ್ಲಿ ಸಮಯದ ಮಾಹಿತಿ ಅಳಿದಿರುತ್ತದೆ, ಚಿತ್ರವೂ ಮಸುಕು. ಎಣಿಸಲು, ಬಿಟ್ಟ ಎರಡರಿಂದ ನಾಲ್ಕು ಸೆಕೆಂಡಿನ ನಂತರದ ವೀಡಿಯೊ ಫ್ರೇಮನ್ನು ನಿಲ್ಲಿಸಿ. ಅದಕ್ಕೂ ಮುಂಚಿನದರಲ್ಲಿ ಒಂದರ ಹಿಂದೆ ಒಂದು ಮರೆಯಾಗಿರುತ್ತವೆ, ತಡವಾದರೆ ಚುಕ್ಕಿಗಳಾಗುತ್ತವೆ. ಮೇಲೆ ಚೌಕಗಳ ಜಾಲ ಹಾಕಿ ಒಂದೊಂದು ಚೌಕವನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಇಬ್ಬರಲ್ಲಿ ಕಡಿಮೆ ಬಂದ ಸಂಖ್ಯೆಯನ್ನೇ ಆರೋಪಕ್ಕೆ ಹಾಕಿ. ಅನಿಲದ ರಸೀದಿಯಿಂದ ಗರಿಷ್ಠ ಸಂಖ್ಯೆ ಗೊತ್ತಾಗುತ್ತದೆ, ಒಟ್ಟು ಲೀಟರನ್ನು 14ರಿಂದ ಭಾಗಿಸಿದರೆ ಆಯಿತು. ನಿಮ್ಮ ಎಣಿಕೆ ಅದಕ್ಕಿಂತ ಮೇಲೆ ಹೋದರೆ ಎಲ್ಲೋ ತಪ್ಪಿದೆ.

ಕಡಲತೀರದಲ್ಲಿ ಸಿಕ್ಕ ಬಲೂನಿನ ಮೇಲೆ ಹೆಸರು ಅಚ್ಚಾಗಿದೆ, ಕೇಸು ಹಾಕಬಹುದಲ್ಲ ಎಂದು ಸ್ವಯಂಸೇವಕರು ಕೇಳುತ್ತಾರೆ. ಅದೊಂದರಿಂದಲೇ ಆಗದು. ಬಲೂನು ನೂರಾರು ಕಿಲೋಮೀಟರ್ ಹೋಗಿ ಬಿದ್ದಿರಬಹುದು, ಕಾನೂನೇ ಇಲ್ಲದ ಕಡೆಯಿಂದ ಬಂದಿರಬಹುದು, ಯಾರದೋ ಕೈಜಾರಿ ಹೋದದ್ದೂ ಇರಬಹುದು. ಉದ್ದೇಶಪೂರ್ವಕ ಎಂದು ತೋರಿಸಲು ಅದು ಸಾಲದು. ಆದರೂ ಫೋಟೋ, ಜಾಗ, ದಿನಾಂಕ, ರಿಬ್ಬನ್ನಿನ ಉದ್ದ ಬರೆದಿಡಿ. ಒಂದೇ ಹೆಸರು ಮೂರು ತೀರಗಳಲ್ಲಿ ಒಂದೇ ವಾರ ಸಿಕ್ಕರೆ ಆ ಸಂಸ್ಥೆಗೆ ಪತ್ರ ಬರೆಯಲು ಗಟ್ಟಿ ಆಧಾರ.

ವಾದಿಸುವವರು ತಪ್ಪದೆ ಎತ್ತುವ ಪ್ರಶ್ನೆಯೊಂದಿದೆ: ಹವಾಮಾನ ಇಲಾಖೆಗಳು ಜಗತ್ತಿನ ಸುಮಾರು 900 ಕೇಂದ್ರಗಳಿಂದ, ಬಹುಪಾಲು ದಿನಕ್ಕೆರಡು ಸಲ, ಬಲೂನು ಬಿಡುತ್ತವಲ್ಲ? ಬಿಡುತ್ತವೆ, ಅವೂ ಕಸವಾಗುತ್ತವೆ. ಅವುಗಳಿಂದ ಬರುವ ಮಾಹಿತಿಯಿಲ್ಲದೆ ಮುನ್ಸೂಚನೆಯ ನಿಖರತೆ ಕುಗ್ಗುತ್ತದೆ ಎಂಬ ಕಾರಣಕ್ಕೆ ಕಾನೂನು ಅವಕ್ಕೆ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ. ಈ ಉತ್ತರವನ್ನು ನಾಚಿಕೆಯಿಲ್ಲದೆ ಕೊಡಿ.

ಕೊನೆಯದಾಗಿ, ಕೈಜಾರಿ ಹೋಗುವ ಬಲೂನಿನ ಮಾತು. ಉದ್ದೇಶಪೂರ್ವಕ ಬಿಡುಗಡೆಯ ಕಾನೂನು ಅದನ್ನು ಮುಟ್ಟುವುದಿಲ್ಲ, ಮಾರಾಟದ ನಿಯಮ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಫಾಯಿಲ್ ಬಲೂನನ್ನು ತೂಕ ಕಟ್ಟಿಯೇ ಮಾರಬೇಕು. 2022ರಲ್ಲಿ ಅಲ್ಲಿ ಅಂಗೀಕಾರವಾದ ಕಾನೂನಿನಂತೆ, ವಿದ್ಯುತ್ ತಂತಿಗೆ ತಗುಲಿದರೂ ಶಾರ್ಟ್ ಆಗದ ಬಲೂನುಗಳಿಗೆ 2031ರೊಳಗೆ ಹಂತಹಂತವಾಗಿ ಬದಲಾಗಬೇಕು. ಅಂಗಡಿ ತಪಾಸಣೆಗೆ ಹೋದಾಗ ತೂಕ ಇದೆಯೇ ಎಂದು ನೋಡಿ ಬಂದರೆ ಸಾಲದು, ಸಾಕಷ್ಟಿದೆಯೇ ಎಂದು ನೋಡಿ. 11 ಗ್ರಾಂ ಎತ್ತುವ ಹತ್ತು ಬಲೂನಿನ ಗೊಂಚಲಿಗೆ 110 ಗ್ರಾಂಗಿಂತ ಹೆಚ್ಚು ತೂಕ ಬೇಕು, ಗಾಳಿ ಬೀಸುವ ಜಾಗವಾದರೆ ಅದರ ಎರಡರಷ್ಟು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು, ಒಂದೆರಡು ಬಲೂನಿನ ಬಿಲ್ಲೆಯನ್ನೇ ಇಡೀ ಗೊಂಚಲಿಗೆ ಕಟ್ಟುವುದು. ಒಂದು ಸಣ್ಣ ತಕ್ಕಡಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಗೊಂಚಲನ್ನು ನೆಲದ ಮೇಲಿಟ್ಟು ಬೀಸಣಿಗೆ ಬೀಸಿದರೆ ಬಿಲ್ಲೆ ಜರುಗುತ್ತದೆಯೋ ನೋಡಿ. ಜರುಗಿದರೆ ಅಲ್ಲೇ ಬಿಲ್ಲೆ ಬದಲಾಯಿಸಲು ಹೇಳಿ, ಮುಂದಿನ ಭೇಟಿಯ ದಿನಾಂಕ ಅವರ ಎದುರಿಗೇ ಬರೆದುಕೊಳ್ಳಿ.